ಮಲಿಕ್ ಅಂಬರನ ತಲೆ

ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲೊಂದು ಮೊಗಲ್ ಚಿತ್ರವಿದೆ. ಭೂಗೋಳದ ಮೇಲೆ ನಿಂತ ಜಹಾಂಗೀರ ಬಾದಶಹನು ಈಟಿಗೆ ಸಿಕ್ಕಿಸಿದ ರುಂಡವೊಂದಕ್ಕೆ ಬಾಣ ಬಿಡುತ್ತಿದ್ದಾನೆ. ರುಂಡ ಮಲಿಕ್ ಅಂಬರನದು. ದಿಟವಾಗಿ ಆ ತಲೆ ಬಾದಶಹನ ಕೈಗೆ ಎಂದೂ ಸಿಕ್ಕಲಿಲ್ಲ. ರಣದಲ್ಲಿ ತೀರದ ಸಿಟ್ಟನ್ನು ಕುಂಚದಿಂದ ತೀರಿಸಿಕೊಂಡನೆಂದು ನನ್ನ ಎಣಿಕೆ.

ಅಬಿಸೀನಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟಗೊಂಡು ಅಹಮದನಗರಕ್ಕೆ ಬಂದವನು ಈತ. ಒಡೆಯನು ಸತ್ತಮೇಲೆ ಸಿಪಾಯಿಯಾಗಿ ಕೆಲಕಾಲ ನಮ್ಮ ಬಿಜಾಪುರದ ಚಾಕರಿಯನ್ನೂ ಮಾಡಿದನು. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾಗಲು, ನಿಜಾಮಶಾಹಿ ವಂಶದ ಮುರ್ತಜನನ್ನು ಪರಂಡೆಯಲ್ಲಿ ಗದ್ದುಗೆಗೇರಿಸಿದನು. ಮಗಳನ್ನು ಕೊಟ್ಟು ಅಳಿಯನನ್ನಾಗಿಸಿಕೊಂಡು, ರಾಜ್ಯದ ಸೂತ್ರವನ್ನು ತಾನೇ ಹಿಡಿದನು.

1610ರಲ್ಲಿ ಆ ಅಳಿಯನಿಗೇ ವಿಷ ಹಾಕಿಸಿದನೆಂದು ಡಚ್ ವರ್ತಕನೊಬ್ಬನು ಬರೆದಿದ್ದಾನೆ. ಇದನ್ನು ಮುಚ್ಚಿಟ್ಟು ಹೊಗಳುವವರ ಸಾಲಿಗೆ ನಾನು ಸೇರಲಾರೆ. ಆದರೆ ಮರಾಠಾ ಸವಾರರ ಬಲದಿಂದ, ಸೋಲುಗೆಲುವುಗಳ ನಡುವೆ, ಸುಮಾರು ಕಾಲು ಶತಮಾನ ಮೊಗಲರಿಗೆ ಅಡ್ಡನಿಂತವನೂ ಇವನೇ. 1624ರಲ್ಲಿ ಭಾತವಾಡಿಯಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದನು. ಹಳೆಯ ಚಾಕರಿಯ ಋಣ ಅಲ್ಲಿಗೆ ತೀರಿತೆನ್ನಬೇಕೋ ಏನೋ!

1626ರಲ್ಲಿ ಅಂಬರನು ತೀರಿಕೊಂಡಾಗ, ಜಹಾಂಗೀರನ ಆಸ್ಥಾನದ ಇತಿಹಾಸಕಾರ ಮುತಮದ್ ಖಾನನೇ, ದಂಡು ನಡೆಸುವುದರಲ್ಲಿಯೂ ರಾಜ್ಯವಾಳುವುದರಲ್ಲಿಯೂ ಇವನಿಗೆ ಸಮಾನರಿರಲಿಲ್ಲವೆಂದು ಬರೆದಿಟ್ಟನು.