ಒಗೆಯುವ ಕಲ್ಲು

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಗೆಳತಿಯರ ಜೊತೆ ವಿಯೆಟ್ನಾಮಿಗೆ ಹೋಗಿಬಂದಳು. ಬಂದವಳೇ ರಾಣೆಬೆನ್ನೂರಿಗೆ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಮೊಬೈಲಿನಲ್ಲಿ ಫೋಟೋ ತೋರಿಸತೊಡಗಿದಳು. ನಾನು ರೊಟ್ಟಿ ಬಡಿಯುತ್ತ ನೋಡುತ್ತಿದ್ದೆ. ಹುಯೆ ಎಂಬ ಹಳೆಯ ರಾಜಧಾನಿ. ಊರ ನಡುವೆ ಒಂದು ಹೊಳೆ. ಅದರ ಹೆಸರಿಗೆ ಸುಗಂಧದ ಹೊಳೆ ಎಂದರ್ಥವಂತೆ. ದಂಡೆಯ ಮೇಲೆ 1601ರಲ್ಲಿ ಕಟ್ಟಿದ ಬೌದ್ಧ ಮಂದಿರ, ಅದರ ಏಳು ಅಂತಸ್ತಿನ ಗೋಪುರ. ಆಚೆ ಗುಡ್ಡಗಳ ಮರೆಯಲ್ಲಿ ಕೊಳ, ತೋಟ, ಕಲ್ಲಿನ ಕಾವಲುಗಾರರ ನಡುವೆ ಮಲಗಿದ ರಾಜರ ಸಮಾಧಿಗಳು.

"ದೊಡ್ಡಮ್ಮ, ನಿಮ್ಮ ಊರ ಹತ್ರಾನೂ ತುಂಗಭದ್ರಾ ಹೊಳಿ ಐತಲ್ಲ, ಅದರ ದಂಡಿಗುಂಟ ಏನೈತಿ?" ಎಂದು ಕೇಳಿದಳು.

ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ, "ಏನೈತಿ, ಉಸುಕು, ಕಬ್ಬು, ಗೋವಿನಜೋಳ" ಎಂದು ಹೇಳಿ ನಕ್ಕುಬಿಡುತ್ತಿದ್ದೆ. ಈಗ ಹಾಗೆ ಹೇಳಲಾರೆ. ಆದರೆ ನಿಜವಾದ ಉತ್ತರ ಹೇಳಬೇಕೆಂದರೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವಳು ನೋಡಿ ಬಂದ ಊರಿನ ಮಾತು. ಹುಯೆ 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿತ್ತು. 1968ರ ಯುದ್ಧದಲ್ಲಿ ಸುಮಾರು ಒಂದು ತಿಂಗಳು ಆ ಊರಿನೊಳಗೇ ಕಾಳಗ ನಡೆದು, ಕೋಟೆಯೊಳಗಿನ ಅರಮನೆಯ ಬಹುಪಾಲು ಕಟ್ಟಡಗಳು ನೆಲಸಮವಾದವು. ಉಳಿದದ್ದನ್ನು ಅಲ್ಲಿನ ಜನ ಒಂದೊಂದಾಗಿ ಎತ್ತಿ ನಿಲ್ಲಿಸಿದರು. 1993ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದಕ್ಕೂ ಹಿಂದೆ ಆ ನೆಲ ಚಂಪಾ ರಾಜ್ಯಕ್ಕೆ ಸೇರಿತ್ತು. ಚಂಪಾದ ಅರಸರು ಶಿವಭಕ್ತರು. ಸಂಸ್ಕೃತದಲ್ಲಿ ಶಾಸನ ಬರೆಸಿದವರು, ಲಿಂಗ ಸ್ಥಾಪಿಸಿದವರು. ಅವರಲ್ಲಿ ಒಬ್ಬನ ಹೆಸರು ಜಯಸಿಂಹವರ್ಮ. ನಮ್ಮ ಕಲ್ಯಾಣದ ಚಾಲುಕ್ಯರಲ್ಲೂ ಜಯಸಿಂಹ ಎಂಬ ಹೆಸರಿನ ಅರಸನಿದ್ದ. ಸಮುದ್ರದಾಚೆಯ ನಾಡಿನಲ್ಲಿ ಈ ಹೆಸರು ಕೇಳಿದರೆ ನಮ್ಮ ಬೀಗರ ಹೆಸರು ಕೇಳಿದಂತೆ ಆಗುತ್ತದೆ. ಈ ಜಯಸಿಂಹವರ್ಮನಿಗೆ 1306ರಲ್ಲಿ ಉತ್ತರದ ವಿಯೆಟ್ನಾಮೀ ಅರಸು ಮನೆತನದವರು ಹುಯೆನ್ ತ್ರಾನ್ ಎಂಬ ಮಗಳನ್ನು ಕೊಟ್ಟು ಮದುವೆ ಮಾಡಿದರು. ಪ್ರತಿಯಾಗಿ ಆತ ಎರಡು ಪ್ರಾಂತಗಳನ್ನು ಬಿಟ್ಟುಕೊಟ್ಟ. ಮುಂದೆ ಹುಯೆ ನಗರ ಬೆಳೆದದ್ದು ಆ ನೆಲದಲ್ಲೇ. ಮರುವರ್ಷವೇ ಅರಸ ತೀರಿಕೊಂಡ. ಗಂಡನ ಚಿತೆಗೆ ಅವಳನ್ನೂ ಏರಿಸುತ್ತಾರೆಂಬ ಭಯದಿಂದ ತವರಿನವರು ಬಂದು ಕರೆದೊಯ್ದರೆಂದು ಅಲ್ಲಿನ ಕಥೆ ಹೇಳುತ್ತದೆ. ಹುಡುಗಿ ತವರಿಗೆ ಮರಳಿದಳು, ನೆಲ ಮಾತ್ರ ಮರಳಲಿಲ್ಲ. ಇಂದು ಹುಯೆಯಲ್ಲಿ ಅವಳ ಹೆಸರಿನ ಗುಡಿಯೂ ಇದೆ. ಏಳು ನೂರು ವರ್ಷದ ಹಿಂದಿನ ಹೆಣ್ಣೊಬ್ಬಳ ಹೆಸರು ಇಂದಿಗೂ ಉಳಿದದ್ದು ಯಾರೋ ಅದನ್ನು ಬರೆದಿಟ್ಟಿದ್ದರಿಂದ. ಈ ಮಾತನ್ನು ನೆನಪಿನಲ್ಲಿಡಿ.

ಈಗ ನಮ್ಮ ಹೊಳೆಗೆ ಬರೋಣ.

ನಾನು ಮದುವೆಯಾಗಿ ಬಂದದ್ದು 1995ರಲ್ಲಿ. ಆಗ ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಅತ್ತೆಯವರ ಊರು ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಹಿತ್ತಲಿನಲ್ಲಿ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ದೊಡ್ಡ ಚಪ್ಪಡಿ. ಹೊಸದಾಗಿ ಬಂದ ಸೊಸೆಗೆ ಅತ್ತೆಯವರು ಮೊದಲು ತೋರಿಸಿದ್ದೇ ಅದನ್ನು. "ಈ ಕಲ್ಲಿನ್ಯಾಗ ಗೆರಿ ಅದಾವ ಯವ್ವಾ, ಕಾಲರಿನ ಕೊಳಿ ಲಗೂನ ಬಿಡತೈತಿ" ಎಂದರು. ನಿಜವಾಗಿಯೂ ಬಿಡುತ್ತಿತ್ತು. ಆ ಗೆರೆಗಳ ಮೇಲೆ ಗಂಡನ ಅಂಗಿ, ಮಾವನವರ ಧೋತರ, ಆಮೇಲೆ ಮಕ್ಕಳ ಲಂಗೋಟಿ, ಎಲ್ಲವನ್ನೂ ತಿಕ್ಕಿದೆ. ಮುಂದೆ ನನಗೆ ನೌಕರಿ ಸಿಕ್ಕಿ ಊರಿಗೆ ಬಂದು ನೆಲೆಸಿದರೂ ರಜೆಗೆ ಹೋದಾಗಲೆಲ್ಲ ಅದೇ ಕಲ್ಲು.

ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪಾಣಿಪತ ಕದನದ ಇಸವಿ, ಫ್ರಾನ್ಸಿನ ಕ್ರಾಂತಿಯ ಕಾರಣಗಳು, ಎಲ್ಲ ಬಾಯಿಪಾಠ. ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಯಾರೆಂದು ಹುಡುಗಿಯರು ಥಟ್ಟನೆ ಹೇಳುತ್ತಿದ್ದರು. ಅದೇ ಮನುಷ್ಯ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, 1800ರಲ್ಲಿ, ದೋಂಡಿಯಾ ವಾಘನ ಬೆನ್ನು ಹತ್ತಿ ಹೊಳೆ ದಾಟಿ ಬಂದು ನಮ್ಮ ರಾಣೆಬೆನ್ನೂರಿನ ಕೋಟೆಗೇ ಲಗ್ಗೆ ಹಾಕಿದ್ದನೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಒಂದು ವರ್ಷ ಎಂಟನೆಯ ಇಯತ್ತೆಯ ಹುಡುಗಿಯರನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಬೇಕಾಯಿತು. ದೂರದ ಊರಿಗೆ ಹೋಗಲು ಪಾಲಕರ ಹತ್ತಿರ ದುಡ್ಡಿರಲಿಲ್ಲ. "ಟೀಚರ, ನಮ್ಮೂರಿಗೆ ಹೋಗೋಣ್ರಿ, ಗುಡಿ ಐತಿ" ಎಂದಳು ಚೌಡಯ್ಯದಾನಪುರದಿಂದ ಬರುತ್ತಿದ್ದ ಒಬ್ಬ ಹುಡುಗಿ. ಸರಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಎರಡು ಟೆಂಪೋಗಳಲ್ಲಿ ಹೊರಟೆವು. ಗುತ್ತಲದ ದಾರಿ ಹಿಡಿದು ಹೊಳೆಯ ಕಡೆ ಹೊರಳಿದರೆ ಹತ್ತಿ, ಗೋವಿನಜೋಳದ ಹೊಲಗಳು ಮುಗಿದು ಕಬ್ಬಿನ ಹಸಿರು ಶುರುವಾಗುತ್ತದೆ. ಅದರ ಕೊನೆಗೆ ಅಗಲವಾದ ತುಂಗಭದ್ರೆ, ದಂಡೆಯ ಮೇಲೆ ಮುಕ್ತೇಶ್ವರ.

ಒಂದೇ ಗರ್ಭಗುಡಿಯ ಪುಟ್ಟ ದೇವಾಲಯ ಅದು. ಕಲ್ಯಾಣದ ಚಾಲುಕ್ಯರ ಕಾಲದ ಶೈಲಿ. ಬಳಪದ ಕಲ್ಲನ್ನು ಬೆಣ್ಣೆಯಂತೆ ಕಡೆದು ಮಾಡಿದ ಕಂಬಗಳು, ಕುಸುರಿ ಬಾಗಿಲವಾಡ, ಮೇಲೆ ಅಂತಸ್ತು ಅಂತಸ್ತಾಗಿ ಏರುವ ಶಿಖರ. ಈ ನಾಡನ್ನು ಆಗ ಆಳುತ್ತಿದ್ದವರು ಗುತ್ತರು. ಗುತ್ತಲ ಅವರ ರಾಜಧಾನಿ. ತಾವು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡ ಸಾಮಂತರು. ಊರಿನ ಹೆಸರು ಮಾತ್ರ ಅರಸರದಲ್ಲ. ಹನ್ನೆರಡನೆಯ ಶತಮಾನದ ವಚನಕಾರ, ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನದು. ಅರಸರು ಗುಡಿ ಕಟ್ಟಿಸಿದರೂ ಊರು ಉಳಿದದ್ದು ಅಂಬಿಗನ ಹೆಸರಿನಲ್ಲಿ. ಇದನ್ನು ಹುಡುಗಿಯರಿಗೆ ಹೇಳುವಾಗ ನನಗೇ ಸಂತೋಷವಾಯಿತು.

ಗುಡಿಯ ಆವರಣದಲ್ಲಿ ಆಳೆತ್ತರಕ್ಕೂ ಮೀರಿದ ಶಾಸನದ ಕಲ್ಲುಗಳು ನಿಂತಿವೆ. ಸಾಲು ಸಾಲಾಗಿ ಹಳಗನ್ನಡದ ದುಂಡು ಅಕ್ಷರ. ಇಲ್ಲಿನ ಏಳು ಶಾಸನಗಳಲ್ಲಿ ಗುತ್ತ ಅರಸರ ವಂಶಾವಳಿ ಇದೆ, ದಾನಗಳ ವಿವರ ಇದೆ, 1225ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಶಿವದೇವನೆಂಬ ವಿರಕ್ತನ ಕಥೆ ಇದೆ. ಹಾವೇರಿಯಲ್ಲೇ ಹುಟ್ಟಿ, ಪ್ಯಾರಿಸ್ಸಿನಲ್ಲಿ ವಿಜಯನಗರದ ಶಾಸನಗಳ ಮೇಲೆ ಸಂಶೋಧನೆ ಮಾಡಿದ ವಸುಂಧರಾ ಫಿಲಿಯೋಜಾ ಅವರು ತಮ್ಮ ಪತಿ ಪಿಯೆರ್ ಸಿಲ್ವೆಯ್ನ್ ಫಿಲಿಯೋಜಾ ಅವರೊಡನೆ ಈ ಗುಡಿಯ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ಅದು ಪ್ರಕಟವಾದದ್ದು 1995ರಲ್ಲಿ. ಇಸವಿ ಗಮನಿಸಿದಿರಾ? ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಕಲ್ಲಿನ ಅಕ್ಷರಗಳನ್ನು ಓದಿ ಲೋಕಕ್ಕೆ ತಿಳಿಸಿದ ವರ್ಷವೇ ನಾನು ಹಿತ್ತಲ ಕಲ್ಲಿನ ಮೇಲೆ ಬಟ್ಟೆ ತಿಕ್ಕಲು ಶುರು ಮಾಡಿದ್ದೆ.

ಹೌದು, ತಪ್ಪು ತಿಳಿದದ್ದು ಅಲ್ಲಿಯೇ. ಒಬ್ಬ ಹುಡುಗಿ ಶಾಸನದ ಮೇಲೆ ಬೆರಳಾಡಿಸುತ್ತ, "ಟೀಚರ, ಗೆರಿ ಗೆರಿ ಐತ್ರಿ" ಎಂದಳು. ನಾನೂ ಬೆರಳಿಟ್ಟೆ. ಅಂಗೈಗೆ ಆ ಗೆರೆಗಳ ಗುರುತು ಸಿಕ್ಕಿತು. ಕಣ್ಣಿಗಿಂತ ಮೊದಲು ಕೈಗೆ ತಿಳಿಯಿತು. ಎದೆ ಧಸಕ್ಕೆಂದಿತು.

ಆ ದಿನ ಮುಂದೆ ಗಳಗನಾಥಕ್ಕೂ ಹೋದೆವು. ವರದೆ ಬಂದು ತುಂಗಭದ್ರೆಯನ್ನು ಸೇರುವ ಜಾಗ ಅದು. ಬುಡ ಅಗಲವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಗಳಗೇಶ್ವರನ ಗುಡಿ ಸಂಗಮವನ್ನು ನೋಡುತ್ತ ಕೂತಿದೆ. ಮನೆಮನೆಗೆ ಹೋಗಿ ತಮ್ಮ ಪುಸ್ತಕ ತಾವೇ ಮಾರಿ ಕನ್ನಡಿಗರಿಗೆ, ಅದರಲ್ಲೂ ಮನೆಯೊಳಗಿನ ಹೆಣ್ಣುಮಕ್ಕಳಿಗೆ ಕಾದಂಬರಿ ಓದುವ ರುಚಿ ಹಚ್ಚಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾವ್ಯನಾಮವಾಗಿ ಇಟ್ಟುಕೊಂಡದ್ದು ಇದೇ ಊರಿನ ಹೆಸರನ್ನು. ಅವರೂ ನಮ್ಮ ಹಾಗೆ ಶಾಲಾ ಮಾಸ್ತರರಾಗಿದ್ದವರು. ಸಂಜೆ ಹಾವೇರಿಯ ಸಿದ್ಧೇಶ್ವರನ ಗುಡಿ ನೋಡಿದೆವು. ಬಹಳಷ್ಟು ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ನೇರ ಬಾಗಿಲಿಗೆ ಬಂದಿತ್ತು. ಹುಡುಗಿಯರು ಹಾಡುತ್ತಿದ್ದರು. ನನ್ನ ಮನಸ್ಸು ಮಾತ್ರ ಹಿತ್ತಲಿನಲ್ಲಿತ್ತು.

ಮುಂದಿನ ರವಿವಾರ ಹಳ್ಳಿಗೆ ಹೋದೆ. ಪರಿಚಯದ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರನ್ನು ಬೇಡಿಕೊಂಡು ಕರೆದೊಯ್ದಿದ್ದೆ. ಕಲ್ಲನ್ನು ತೊಳೆದು ಒಣಗಿಸಿ, ಗೆರೆಗಳಲ್ಲಿ ಹಿಟ್ಟು ತುಂಬಿ ಒರೆಸಿದರು. ಮೊದಲ ಸಾಲಿನ ಅಂಚಿನಲ್ಲಿ "ಸ್ವಸ್ತಿ ಶ್ರೀ" ಎಂದು ಮೂಡಿತು. ಆಮೇಲೆ ಅಲ್ಲೊಂದು ಅಕ್ಷರ, ಇಲ್ಲೊಂದು ಕೊಂಬು. ನಡುವೆ, ನಾವು ತಿಕ್ಕುವ ಜಾಗದಲ್ಲಿ, ಕಲ್ಲು ಕನ್ನಡಿಯಂತೆ ನುಣುಪು. ನಾಲ್ಕು ಜನ ಸೇರಿ ಹಾರೆ ಹಾಕಿ ಕಲ್ಲನ್ನು ಎತ್ತಿದರು. ಮಣ್ಣಿನಲ್ಲಿ ಹೂತಿದ್ದ ತುದಿಯಲ್ಲಿ ಒಂದು ಕೈ ಕಂಡಿತು. ಮೊಣಕೈ ಬಾಗಿಸಿ ಮೇಲೆತ್ತಿದ ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು.

"ಮಾಸ್ತಿಗಲ್ಲು" ಎಂದರು ಸರ್. ಗಂಡ ಸತ್ತಾಗ ಜೊತೆಯಲ್ಲೇ ಪ್ರಾಣ ಕೊಟ್ಟ, ಅಥವಾ ಕೊಡಬೇಕಾಗಿ ಬಂದ, ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು. "ಹೆಸರು ಏನಿತ್ತು ಸರ್?" ಎಂದು ಕೇಳಿದೆ. ಅವರು ನುಣುಪಾದ ಜಾಗವನ್ನು ತೋರಿಸಿ, "ಇಲ್ಲಿ ಇದ್ದಿರಬೇಕು ನೋಡ್ರಿ" ಎಂದರು.

ಆ ಪದ್ಧತಿಯನ್ನು ಕೊಂಡಾಡುವವಳು ನಾನಲ್ಲ. 1829ರಲ್ಲಿ ಬಂಗಾಳದಲ್ಲಿ ಕಾಯ್ದೆ ತಂದು ಅದನ್ನು ನಿಲ್ಲಿಸಿದ ಪಾಠವನ್ನು ಪ್ರತಿ ವರ್ಷ ಕಲಿಸುತ್ತೇನೆ. ಆದರೆ ಬದುಕನ್ನೇ ಕಳೆದುಕೊಂಡ ಆ ಹೆಣ್ಣಿಗೆ ಜಗತ್ತು ಕೊಟ್ಟದ್ದು ಒಂದು ಹೆಸರಿನಷ್ಟೇ ಜಾಗ. ಅದನ್ನೂ ಅಳಿಸಿದವರು ಯಾವ ಪರದೇಶದ ಸೈನ್ಯವೂ ಅಲ್ಲ. ನಮ್ಮ ಅತ್ತೆ, ಅವರ ಅತ್ತೆ, ಮತ್ತು ಮಕ್ಕಳಿಗೆ ಅಕ್ಷರ ಕಲಿಸಿ ಸಂಬಳ ತಗೊಳ್ಳುವ ನಾನು. ಹುಯೆಯ ಅರಮನೆ ಬಾಂಬಿಗೆ ಬಿತ್ತು. ನಮ್ಮ ಹಿತ್ತಲಿನ ಇತಿಹಾಸ ಸೋಪಿನ ನೊರೆಯಲ್ಲಿ ಹರಿದು ಹೋಯಿತು.

ಅತ್ತೆಯವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ಹೋಗಿ ಅರಿಷಿಣ ಕುಂಕುಮ ತಂದು ಆ ಬಳೆಯ ಕೈಗೆ ಹಚ್ಚಿದರು. "ತಿಳೀಲಿಲ್ಲವ್ವಾ" ಎಂದರು. ನನಗೆ ಹೇಳಿದರೋ ಆ ಕಲ್ಲಿನವಳಿಗೆ ಹೇಳಿದರೋ ಗೊತ್ತಾಗಲಿಲ್ಲ. ಆ ಕಲ್ಲನ್ನು ಊರ ಹನುಮಪ್ಪನ ಗುಡಿಯ ಕಟ್ಟೆಯ ಪಕ್ಕ ನೆಟ್ಟಗೆ ನಿಲ್ಲಿಸಿದ್ದೇವೆ. ಬಟ್ಟೆ ಒಗೆಯಲು ಹಿತ್ತಲಿಗೆ ಸಿಮೆಂಟಿನ ಕಟ್ಟೆ ಬಂತು.

ತಂಗಿಯ ಮಗಳು ಇದನ್ನೆಲ್ಲ ಕೇಳಿದವಳು, ದಸರಾ ರಜೆಗೆ ಮತ್ತೆ ಬಂದಳು. ಮೊದಲು ದೇವರಗುಡ್ಡಕ್ಕೆ ಹೋಗಿ, ಎತ್ತರದ ಬಿಲ್ಲನ್ನೇರಿ ಗೊರವಯ್ಯ ಒಂದೇ ಮಾತಿನಲ್ಲಿ ನುಡಿಯುವ ಕಾರಣಿಕ ಕೇಳಿದೆವು. ಮರುದಿನ ಕೃಷ್ಣಮೃಗಗಳ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ನೀಲಗಿರಿ ಗಿಡಗಳ ನಡುವೆ ತಿರುಚು ಕೊಂಬಿನ ಗಂಡು ಜಿಂಕೆಯೊಂದು ನಮ್ಮನ್ನು ನೋಡಿ ಚಂಗನೆ ನೆಗೆಯಿತು. ಮೂರನೆಯ ದಿನ ಹೊಳೆಯ ದಂಡೆ, ಮುಕ್ತೇಶ್ವರ, ಕೊನೆಗೆ ನಮ್ಮ ಹಳ್ಳಿ. ಅವಳು ಮಾಸ್ತಿಗಲ್ಲಿನ ಮುಂದೆ ನಿಂತು ಫೋಟೋ ತೆಗೆಯಲಿಲ್ಲ. ನುಣುಪಾದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ನಿಂತಳು.

ನಿಮ್ಮ ಊರ ಸುತ್ತಲೂ ಇಂಥವು ಇದ್ದೇ ಇವೆ. ರಟ್ಟೀಹಳ್ಳಿಯ ಕದಂಬೇಶ್ವರ, ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಅರವತ್ತು ಕಂಬದ ಗುಡಿ, ಎಲ್ಲವೂ ಬುತ್ತಿ ಕಟ್ಟಿಕೊಂಡು ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು ಹತ್ತಿರ. ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ಅದಕ್ಕೂ ಮೊದಲು ನಿಮ್ಮ ಹಿತ್ತಲಿನ, ಹೊಸ್ತಿಲಿನ, ಬಾವಿಕಟ್ಟೆಯ ಕಲ್ಲುಗಳ ಮೇಲೊಮ್ಮೆ ಕೈಯಾಡಿಸಿ. ಗೆರೆ ತಗುಲಿದರೆ ನಾಳೆಯ ಬಟ್ಟೆಯನ್ನು ಬೇರೆ ಕಡೆ ಒಗೆಯಿರಿ. ಊರಿನ ಶಾಲೆಯ ಮಾಸ್ತರರಿಗೋ ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ಒಂದು ಮಾತು ತಿಳಿಸಿ. ನಿಮ್ಮ ಕಲ್ಲಿನಲ್ಲಿ ಇನ್ನೂ ಹೆಸರು ಉಳಿದಿರಬಹುದು.