ಮುಂಬಯಿಯಲ್ಲಿ ಸೋತ ಜನರಲ್

ನಾನು ಇತಿಹಾಸ ಓದಿದವನಲ್ಲ. ಬಿ.ಕಾಂ. ಮುಗಿಸಿ 1989ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು, ಬ್ಯಾಂಕು ಸೇರಿ, ಡೆಬಿಟ್ಟು ಕ್ರೆಡಿಟ್ಟುಗಳ ನಡುವೆಯೇ ತಲೆಗೂದಲು ನೆರೆಸಿಕೊಂಡವನು. ಆದರೂ ಈ ವಿಷಯ ಬರೆಯಲೇಬೇಕಾಗಿದೆ. ಯಾಕೆಂದರೆ ನಾನೇ ಒಮ್ಮೆ ನಾಲ್ಕು ಜನರೆದುರು ತಪ್ಪು ಲೆಕ್ಕ ಒಪ್ಪಿಸಿದ್ದೇನೆ.

2019ರ ಜನವರಿ. ನಮ್ಮ ಉಪನಗರದ ಕನ್ನಡ ಸಂಘದಲ್ಲಿ ಸಂಕ್ರಾಂತಿಯ ಕಾರ್ಯಕ್ರಮ. ಜನವರಿ 15 ಸೇನಾ ದಿನವೂ ಹೌದಲ್ಲ, ನಮ್ಮ ಕಾರ್ಯಪ್ಪನವರ ಬಗ್ಗೆ, ತಿಮ್ಮಯ್ಯನವರ ಬಗ್ಗೆ ಐದು ನಿಮಿಷ ಮಾತಾಡಿ ಎಂದರು. ಹಿಂದಿನ ವರ್ಷದ ಕರ್ನಾಟಕ ಚುನಾವಣೆಯ ಗಲಾಟೆ ಇನ್ನೂ ಕಿವಿಯಲ್ಲಿತ್ತು. 1948ರಲ್ಲಿ ಯುದ್ಧ ಗೆದ್ದುಕೊಟ್ಟ ಜನರಲ್ ತಿಮ್ಮಯ್ಯನವರನ್ನು ಪ್ರಧಾನಿ ನೆಹರೂ ಮತ್ತು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವಮಾನ ಮಾಡಿದರು, ಅದಕ್ಕೇ ಅವರು ರಾಜೀನಾಮೆ ಕೊಟ್ಟರು ಎಂದು ನಾನೂ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು.

ಚಹಾ ಕುಡಿಯುವಾಗ ಕೊಡಗಿನ ಹಿರಿಯರೊಬ್ಬರು ಹತ್ತಿರ ಬಂದರು. ಸೈನ್ಯದಿಂದ ನಿವೃತ್ತರಾಗಿ ಇಲ್ಲಿ ಮಗನ ಮನೆಯಲ್ಲಿದ್ದವರು. ಮೆಲ್ಲಗೆ ಕೇಳಿದರು: "ಸಾರ್, ನೀವು ಬ್ಯಾಂಕಿನವರಲ್ವಾ? ತಾರೀಕು ತಪ್ಪಿದ ಚೆಕ್ಕು ಪಾಸ್ ಮಾಡ್ತೀರಾ?"

ಮನೆಗೆ ಬಂದು ತಾರೀಕುಗಳನ್ನು ಒಂದೊಂದಾಗಿ ತಾಳೆ ಹಾಕಿ ನೋಡಿದೆ.

1948ರಲ್ಲಿ ಭಾರತದ ಸೇನಾ ಮುಖ್ಯಸ್ಥರು ಭಾರತೀಯರೇ ಅಲ್ಲ, ಜನರಲ್ ರಾಯ್ ಬುಚರ್ ಎಂಬ ಇಂಗ್ಲಿಷರವರು. ಅವರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡದ್ದು 1949ರ ಜನವರಿ 15ರಂದು. ಸೇನಾ ದಿನದ ಮೂಲ ಅದೇ. ಆಗ ರಕ್ಷಣಾ ಮಂತ್ರಿ ಬಲದೇವ್ ಸಿಂಗ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಒಂದು ಡಿವಿಜನ್ನಿನ ಮುಖ್ಯಸ್ಥರು. ಆ ವರ್ಷದ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಶತ್ರುವನ್ನು ದಂಗುಬಡಿಸಿದವರು ಅವರು. ಅಲ್ಲಿವರೆಗಿನ ಶೌರ್ಯ ಸತ್ಯ. ಆದರೆ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾದದ್ದು 1957ರ ಏಪ್ರಿಲಿನಲ್ಲಿ, ತಿಮ್ಮಯ್ಯ ಸೇನಾ ಮುಖ್ಯಸ್ಥರಾದದ್ದು ಅದರ ಮುಂದಿನ ತಿಂಗಳು. ಅಂದರೆ ಇಬ್ಬರಿಗೂ ಒಂಬತ್ತು ವರ್ಷ ಮೊದಲೇ ಜಗಳ ಹಚ್ಚಿಬಿಟ್ಟಿದ್ದೆ ನಾನು!

2018ರ ಮೇ 3ರಂದು ಕಲಬುರಗಿಯ ಚುನಾವಣಾ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಹೇಳಿದ್ದೂ ಇದನ್ನೇ. ಪತ್ರಿಕೆಗಳು ಮರುದಿನವೇ ತಪ್ಪು ತೋರಿಸಿದ್ದವು. ನಾನು ಭಾಷಣ ಕೇಳಿದ್ದೆ, ತಿದ್ದುಪಡಿ ಓದಿರಲಿಲ್ಲ. ನಮ್ಮಲ್ಲಿ ಬಹಳ ಮಂದಿಯ ಕಥೆ ಇಷ್ಟೇ.

ಹಾಗಂತ ಇನ್ನೊಂದು ಪಾರ್ಟಿಯವರು ಅಂದಂತೆ ಏನೂ ನಡೆದೇ ಇಲ್ಲ ಎನ್ನುವುದೂ ಸುಳ್ಳು. ಮೆನನ್ ಮತ್ತು ತಿಮ್ಮಯ್ಯನವರಿಗೆ ಆಗಿಬರುತ್ತಿರಲಿಲ್ಲ. ಅಧಿಕಾರಿಗಳ ಬಡ್ತಿಯಲ್ಲಿ ಮಂತ್ರಿ ಕೈಹಾಕುತ್ತಾರೆಂಬ ಸಿಟ್ಟಿತ್ತು. 1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಪತ್ರ ಕೊಟ್ಟರು. ನೆಹರೂ ಮನವೊಲಿಸಿ ಹಿಂದಕ್ಕೆ ತೆಗೆಸಿದರು. ಆದರೆ ಸುದ್ದಿ ಹೊರಬಿತ್ತು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಮಂತ್ರಿಯ ಪಕ್ಷ ವಹಿಸಿ, ನಾಗರಿಕ ಸರಕಾರವೇ ಮೇಲು ಎಂದು ಸ್ಪಷ್ಟ ಮಾಡಿದರು. ಜನರಲ್ ನಡೆದುಕೊಂಡದ್ದು ಸರಿಯಾಗಲಿಲ್ಲ ಎಂಬರ್ಥದ ಮಾತೂ ಬಂತು. ಮಾತು ನಂಬಿ ಪತ್ರ ಹಿಂದೆ ತೆಗೆದುಕೊಂಡವರಿಗೆ ಸಭೆಯಲ್ಲಿ ಅಂಥ ಮಾತು ಕೇಳುವುದು ಅವಮಾನವಲ್ಲದೆ ಮತ್ತೇನು?

ನೆಹರೂಗೂ ಒಂದು ಅಂಜಿಕೆ ಇದ್ದಿರಬೇಕು. ಪಕ್ಕದ ಪಾಕಿಸ್ತಾನದಲ್ಲಿ 1958ರ ಅಕ್ಟೋಬರಿನಲ್ಲಿ ಜನರಲ್ ಅಯೂಬ್ ಖಾನ್ ಗದ್ದುಗೆ ಹಿಡಿದಿದ್ದರು. ರಾಜೀನಾಮೆಯ ಮರುದಿನ, ಅಂದರೆ ಸೆಪ್ಟೆಂಬರ್ 1ರಂದು, ಅದೇ ಅಯೂಬ್ ದಿಲ್ಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು ನೆಹರೂರನ್ನು ಕಂಡು ಹೋಗಿದ್ದರು. ಎಂಥ ಯೋಗಾಯೋಗ ನೋಡಿ.

ಈಗ ನಮ್ಮ ಮುಂಬಯಿಗೆ ಬರೋಣ. ಈ ಕತೆಯ ಎರಡು ಕೊಂಡಿಗಳು ಇಲ್ಲಿಯೇ ಇವೆ ಎಂದು ಮೂವತ್ತು ವರ್ಷ ಇಲ್ಲಿ ಲೋಕಲ್ ಹತ್ತಿಳಿದ ನನಗೆ ಗೊತ್ತೇ ಇರಲಿಲ್ಲ.

ಮೊದಲನೆಯದು ಮೆನನ್ ಅವರದು. ಅವರು ಲೋಕಸಭೆಗೆ ಗೆದ್ದು ಹೋಗುತ್ತಿದ್ದದ್ದು ಉತ್ತರ ಮುಂಬಯಿಯಿಂದ. 1962ರ ಆರಂಭದಲ್ಲಿ ಆಚಾರ್ಯ ಕೃಪಲಾನಿಯಂಥವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ವರ್ಷವೇ ಚೀನಾ ಯುದ್ಧ, ನವೆಂಬರಿನಲ್ಲಿ ಮಂತ್ರಿ ಪದವಿ ಹೋಯಿತು. 1967ರಲ್ಲಿ ಕಾಂಗ್ರೆಸ್ ಟಿಕೇಟು ಕೊಡಲಿಲ್ಲ. ಈಶಾನ್ಯ ಮುಂಬಯಿಯಿಂದ ಪಕ್ಷೇತರರಾಗಿ ನಿಂತರು. 1966ರ ಜೂನಿನಲ್ಲಿ ಹುಟ್ಟಿದ್ದ ಶಿವಸೇನೆ ಅವರ ವಿರುದ್ಧ ಟೊಂಕ ಕಟ್ಟಿತು: ಒಂದು, ಅವರು ಕಮ್ಯುನಿಸ್ಟರ ಕಡೆಯವರು, ಎರಡು, ಮದ್ರಾಸಿ. ಕಾಂಗ್ರೆಸ್ಸಿನ ಎಸ್.ಜಿ. ಬರ್ವೆ ಗೆದ್ದರು. ಸ್ವಲ್ಪ ದಿನಕ್ಕೇ ಬರ್ವೆ ತೀರಿಕೊಂಡು ಉಪಚುನಾವಣೆ ಬಂದಾಗ ಅವರ ತಂಗಿ ತಾರಾ ಸಪ್ರೆ ಎದುರೂ ಮೆನನ್ ಸೋತರು.

ಆ ಕಾಲದಲ್ಲಿ ಮದ್ರಾಸಿ ಅಂದರೆ ನಾವೆಲ್ಲರೂ. ತಮಿಳರು, ಮಲಯಾಳಿಗಳು, ಉಡುಪಿ ಹೋಟೆಲಿನವರು, ಎಲ್ಲರಿಗೂ ಒಂದೇ ಹೆಸರು. 'ಮಾರ್ಮಿಕ್' ಪತ್ರಿಕೆಯಲ್ಲಿ ಯಾವ ಕಚೇರಿಯಲ್ಲಿ ಎಷ್ಟು ದಕ್ಷಿಣದವರಿದ್ದಾರೆ ಎಂದು ಹೆಸರುಗಳ ಪಟ್ಟಿ ಬರುತ್ತಿತ್ತು. ನನ್ನ ಸೋದರಮಾವ ಆಗ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಸಂಜೆ ರಸ್ತೆಯಲ್ಲಿ ಘೋಷಣೆ ಕೇಳಿಸಿದರೆ ಷಟರ್ ಅರ್ಧ ಇಳಿಸಿ ಇಡುವುದು ಆಗ ಅಭ್ಯಾಸವಾಗಿಹೋಗಿತ್ತಂತೆ.

ಎರಡನೆಯ ಕೊಂಡಿ ಕಾರ್ಯಪ್ಪನವರದು. ಅವರ ಸೈನಿಕ ಜೀವನ ಶುರುವಾದದ್ದೇ ಮುಂಬಯಿಯಲ್ಲಿ. 1919ರಲ್ಲಿ ಅವರು ಇಲ್ಲಿದ್ದ ಕರ್ನಾಟಿಕ್ ಇನ್‌ಫೆಂಟ್ರಿಗೆ ಸೇರಿದವರು. ಸೇನೆಯಲ್ಲಿ ರಾಜಕೀಯ ವಿಷವಿದ್ದಂತೆ, ದೂರವಿಡಿ ಎಂದು ತನ್ನ ಅಧಿಕಾರಿಗಳಿಗೆ ಬುದ್ಧಿ ಹೇಳಿದ ದಂಡನಾಯಕ. 1953ರಲ್ಲಿ ನಿವೃತ್ತಿ, ಆಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್. ಆದರೆ ನಿವೃತ್ತಿಯ ನಂತರ ಮಾತು ಬದಲಾಗತೊಡಗಿತು. ದೇಶದಲ್ಲಿ ಶಿಸ್ತಿಲ್ಲ, ಸ್ವಲ್ಪ ಕಾಲ ರಾಷ್ಟ್ರಪತಿ ಆಳ್ವಿಕೆಯಾದರೂ ಬೇಕು ಎಂಬಂಥ ಅಭಿಪ್ರಾಯಗಳನ್ನು ಬಹಿರಂಗವಾಗಿಯೇ ಹೇಳುತ್ತಿದ್ದರು.

1971ರ ಲೋಕಸಭಾ ಚುನಾವಣೆಯಲ್ಲಿ ಅದೇ ಕಾರ್ಯಪ್ಪನವರು ಮುಂಬಯಿಯಿಂದ ನಿಂತರು. ಬೆಂಬಲ ಯಾರದು ಗೊತ್ತೇ? ಶಿವಸೇನೆಯದು! ನಾಲ್ಕು ವರ್ಷದ ಹಿಂದೆ ಮದ್ರಾಸಿ ಬೇಡ ಎಂದ ಪಾರ್ಟಿ ಈಗ ಕೊಡಗಿನ ಜನರಲ್‌ಗೆ ಓಟು ಕೇಳಿತು. ಆದರೆ ಅದು ಇಂದಿರಾ ಗಾಂಧಿಯವರ 'ಗರೀಬಿ ಹಟಾವೋ' ಅಲೆ. ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾಪತಿ ಆ ಅಲೆಯಲ್ಲಿ ಸೋತು ಊರಿಗೆ ಮರಳಿದರು.

ಮಾವನನ್ನು ಒಮ್ಮೆ ಕೇಳಿದ್ದೆ, ಆವಾಗ ನೀವು ಏನು ಮಾಡಿದಿರಿ ಎಂದು. "ನನ್ನ ಓಟು ಆ ಕ್ಷೇತ್ರದಲ್ಲಿ ಇರ್ಲಿಲ್ಲ ಮಾರಾಯ, ದೇವರು ದೊಡ್ಡವ" ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ಇದ್ದಿದ್ರೆ ಕಷ್ಟ ಇತ್ತು. ಅವರ ಫೋಟೋ ನಮ್ಮ ಗಲ್ಲಾದ ಹಿಂದೆಯೇ ಇತ್ತು" ಅಂದರು.

ಅಮೆರಿಕದವರ ರೀತಿಯೇ ಬೇರೆ ಎನ್ನುತ್ತಾರೆ. ಅಲ್ಲಿ ಮೊದಲ ಅಧ್ಯಕ್ಷ ವಾಷಿಂಗ್ಟನ್ನೇ ಸೇನಾಪತಿ. ಅಂತರ್ಯುದ್ಧ ಗೆದ್ದ ಗ್ರಾಂಟ್ ಅಧ್ಯಕ್ಷರಾದರು. ಐಸೆನ್‌ಹೋವರ್ ಹಿಂದೆ ಯಾವ ಚುನಾವಣೆಗೂ ನಿಲ್ಲದೆ 1952ರಲ್ಲಿ ನೇರ ಗೆದ್ದರು. ಸೈನ್ಯ ಮತ್ತು ಶಸ್ತ್ರ ಕಾರ್ಖಾನೆಗಳ ಕೂಟದ ಬಗ್ಗೆ ಎಚ್ಚರವಿರಲಿ ಎಂದು 1961ರ ಬೀಳ್ಕೊಡುಗೆ ಭಾಷಣದಲ್ಲಿ ಹೇಳಿದವರೂ ಆ ಜನರಲ್ಲೇ. ಆದರೆ ಆಮೇಲಿನ ಲೆಕ್ಕ ನೋಡಿ. 1992ರಲ್ಲಿ ಎರಡನೇ ಮಹಾಯುದ್ಧದ ಪೈಲಟ್ ಹಿರಿಯ ಬುಷ್ ಸೋತದ್ದು ಸೈನ್ಯಕ್ಕೇ ಹೋಗದ ಕ್ಲಿಂಟನ್ ಎದುರು. 1996ರಲ್ಲಿ ಯುದ್ಧದ ಗಾಯ ಹೊತ್ತ ಬಾಬ್ ಡೋಲ್ ಸೋತರು. 2004ರಲ್ಲಿ ವಿಯೆಟ್ನಾಮಿನ ಪದಕಗಳಿದ್ದ ಕೆರ್ರಿ ಸೋತರು, ಆ ಪದಕಗಳ ಬಗ್ಗೆಯೇ ಅಪಪ್ರಚಾರ ನಡೆಯಿತು. 2008ರಲ್ಲಿ ಐದೂವರೆ ವರ್ಷ ಯುದ್ಧಕೈದಿಯಾಗಿದ್ದ ಮೆಕೇನ್ ಸೋತರು. ಅಲ್ಲಿಯ ಮತದಾರನೂ ಸೈನಿಕನಿಗೆ ಸೆಲ್ಯೂಟ್ ಹೊಡೆದು, ಓಟು ಬೇರೆಯವರಿಗೆ ಹಾಕುತ್ತಾನೆ.

ಅದರಲ್ಲಿ ಅಗೌರವ ಇದೆಯೆಂದು ನನಗೆ ಅನಿಸುವುದಿಲ್ಲ. ಗೌರವದ ಖಾತೆ ಬೇರೆ, ಓಟಿನ ಖಾತೆ ಬೇರೆ. ಒಂದರಿಂದ ತೆಗೆದು ಇನ್ನೊಂದಕ್ಕೆ ಜಮಾ ಮಾಡಲು ಬರುವುದಿಲ್ಲ. ಕಾರ್ಯಪ್ಪನವರು ಸೋತದ್ದರಿಂದ ಅವರೇನೂ ಸಣ್ಣವರಾಗಲಿಲ್ಲ. 1965ರ ಯುದ್ಧದಲ್ಲಿ ವಾಯುಸೇನೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದ ಕೈಗೆ ಸಿಕ್ಕಿದಾಗ, ಹಿಂದೆ ಇವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ವಿಶೇಷ ಉಪಚಾರಕ್ಕೆ ಮುಂದೆ ಬಂದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಉತ್ತರ ಕೊಟ್ಟರಂತೆ. 1971ರಲ್ಲಿ ಅವರನ್ನು ಸೋಲಿಸಿದ ಪಕ್ಷದ ಸರಕಾರವೇ 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. 1993ರ ಮೇ 15ರಂದು ತೀರಿಕೊಂಡರು. ಪಕ್ಕದ ದೇಶದಲ್ಲಿ ಜನರಲ್‌ಗಳು ಓಟು ಕೇಳುವ ಗೋಜಿಗೇ ಹೋಗದೆ ಗದ್ದುಗೆ ಏರಿದರು. ನಮ್ಮ ಜನರಲ್ ನಾಮಪತ್ರ ಹಾಕಿದರು, ಸೋತರು, ಮನೆಗೆ ಹೋದರು. ಈ ಸೋಲನ್ನು ನಾವು ಮುಚ್ಚಿಡುವುದು ಯಾಕೆ?

ತಿಮ್ಮಯ್ಯನವರಂತೂ ಚುನಾವಣೆಯ ಕಡೆ ಹೋಗಲಿಲ್ಲ. 1961ರಲ್ಲಿ ನಿವೃತ್ತರಾಗಿ, 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್ಸಿಗೆ ಹೋದವರು 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹೆಸರಲ್ಲಿ ಈಗ ಎಲ್ಲರೂ ಓಟು ಕೇಳುತ್ತಾರೆ. ಕೇಳಲಿ, ತಾರೀಕು ಸರಿಯಾಗಿ ಹೇಳಿದರೆ ಸಾಕು.

ಮರುವರ್ಷ ಸಂಘದಲ್ಲಿ ನಾನೇ ಕೇಳಿ ಐದು ನಿಮಿಷ ತೆಗೆದುಕೊಂಡೆ. ಹೋದ ಸಲ ತಪ್ಪು ಹೇಳಿದ್ದೆ, ಸರಿಯಾದದ್ದು ಇದು ಎಂದು ಓದಿ ಹೇಳಿದೆ. ಈ ಸಲ ಚಪ್ಪಾಳೆ ಕಡಿಮೆ. ಇಬ್ಬರು ಸ್ನೇಹಿತರು ನಾನು ಪಾರ್ಟಿ ಬದಲಾಯಿಸಿದೆ ಎಂದುಕೊಂಡರು. ಆ ಹಿರಿಯರು ಅಷ್ಟರಲ್ಲಿ ವಿರಾಜಪೇಟೆಗೆ ಹೋಗಿಬಿಟ್ಟಿದ್ದರು. ಅವರು ಕೇಳಬೇಕಿತ್ತು.

1971ರಲ್ಲಿ ಕಾರ್ಯಪ್ಪನವರ ಪ್ರಚಾರ ಕಣ್ಣಾರೆ ಕಂಡ ಮುಂಬಯಿ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಅವರು ಯಾವ ಭಾಷೆಯಲ್ಲಿ ಓಟು ಕೇಳುತ್ತಿದ್ದರು ಎಂಬುದು ನನಗೆ ತಿಳಿಯಬೇಕಾಗಿದೆ.