ಊರ ಸಭೆಯಲ್ಲಿ ನುಡಿಯುವ ಹಕ್ಕು

ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಶರಣ ಆದಯ್ಯನವರ ಚರಿತೆಯಿಂದಾಗಿ ಸದ್ಭಕ್ತರಿಗೆಲ್ಲ ಪರಿಚಿತವಾದ ಕ್ಷೇತ್ರ. ಇದರ ಹಳೆಯ ಹೆಸರು ಪುಲಿಗೆರೆ. ಅದಕ್ಕೂ ಹಿಂದಿನದು ಪೊರಿಗೆರೆ. ಆದಯ್ಯನವರ ಕಾಲಕ್ಕೆ ಸುಮಾರು ನಾಲ್ಕು ಶತಮಾನಗಳಷ್ಟು ಮೊದಲು, ಎಂಟನೆಯ ಶತಮಾನದ ಆದಿಭಾಗದಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಈ ಊರಿಗೆ ಒಂದು ಆಚಾರವ್ಯವಸ್ಥೆಯನ್ನು ಕಲ್ಲಿನಲ್ಲಿ ಬರೆಸಿಕೊಟ್ಟನು. ಅರಸನ ಅಧಿಕಾರಿಗಳು ಊರವರಿಗೆ ಸಲ್ಲಿಸಬೇಕಾದುದೇನು, ಊರವರು ಅರಸನ ಕಡೆಗೆ ಸಲ್ಲಿಸಬೇಕಾದುದೇನು ಎಂಬ ಎರಡೂ ಮಾತುಗಳು ಅದರಲ್ಲಿವೆ. ಊರಿನ ಪರವಾಗಿ ಈ ಕಟ್ಟಳೆಯನ್ನು ಪಡೆದವರು ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳು. ಊರೆಂಬುದು ಅರಸನೆದುರು ನಿಂತು ಕರಾರು ಮಾಡಿಕೊಳ್ಳಬಲ್ಲ ಒಂದು ಘಟಕವೆಂಬ ಭಾವನೆ ಕನ್ನಡ ನಾಡಿನಲ್ಲಿ ಅಷ್ಟು ಹಳೆಯದು.

ಆದರೆ ಊರು ಮಾತನಾಡುತ್ತಿತ್ತು ಎಂದ ಮಾತ್ರಕ್ಕೆ ಊರಿನವರೆಲ್ಲರೂ ಮಾತನಾಡುತ್ತಿದ್ದರು ಎಂದಾಗುವುದಿಲ್ಲ. ನೆರೆಯ ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳ ಪರಾಂತಕನ ಕಾಲದ ಶಾಸನವಿದೆ. ಓಲೆಗಳನ್ನು ಕೊಡದಲ್ಲಿ ಹಾಕಿ ಚೀಟಿ ಎತ್ತಿ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ಅದು ವಿವರಿಸುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನನ್ನೂ ಅವನ ಬಂಧುಗಳನ್ನೂ ಚೀಟಿಯಿಂದ ಹೊರಗಿಟ್ಟ ನಿಯಮವು ಇಂದಿನವರನ್ನೂ ನಾಚಿಸುವಂಥದು. ಆದರೆ ಚೀಟಿಯಲ್ಲಿ ಹೆಸರು ಬರಬೇಕಾದರೆ ತೆರಿಗೆ ಸಲ್ಲುವ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮೂವತ್ತೈದರಿಂದ ಎಪ್ಪತ್ತರೊಳಗಿನ ವಯಸ್ಸು ಹಾಗೂ ವೇದಾಧ್ಯಯನ ಬೇಕಿತ್ತು. ಉಳುವ ಆಳು, ನೇಯುವವ, ಚರ್ಮ ಹದಮಾಡುವವ, ಮನೆಯ ಹೆಣ್ಣುಮಗಳು, ಇವರಾರ ಹೆಸರೂ ಆ ಕೊಡದೊಳಗೆ ಬೀಳುವಂತಿರಲಿಲ್ಲ. ಪ್ರಾಚೀನ ಗ್ರಾಮಸಭೆಗಳನ್ನು ಹೊಗಳುವವರು ಈ ಭಾಗವನ್ನು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯುವ ರೂಢಿ ಬೆಳೆದಿದೆ. ಮಂಟಪವು ಕರ ವಿಧಿಸಿದ, ಕೆರೆ ಕಟ್ಟಿಸಿದ ಆಡಳಿತ ಸಭೆಯಲ್ಲ. ಅದು ಅನುಭಾವದ ಗೋಷ್ಠಿ. ಅಲ್ಲಿನ ಸಂವಾದಗಳು ಇಂದು ಕಾಣುವ ರೂಪದಲ್ಲಿ ಸಂಕಲನಗೊಂಡದ್ದು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿ. ಹೋಲಿಕೆಗೆ ಹೆಚ್ಚು ಯೋಗ್ಯವಾದುದು ವಚನಗಳ ಅಂಕಿತ. ಅಕ್ಕಿ ಆಯುವ ಕಾಯಕದ ಲಕ್ಕಮ್ಮನವರು, ಸತ್ಯಕ್ಕನವರು, ಸೂಳೆ ಸಂಕವ್ವೆಯವರು, ಮಾದಾರ ಧೂಳಯ್ಯನವರು ಆಡಿದ ಮಾತು ಇಂದಿಗೂ ಇಂಥವರದೇ ಎಂದು ಗುರುತಿಸಲು ಬರುವುದು ಅಂಕಿತದಿಂದ. ಅಂಬಿಗರ ಚೌಡಯ್ಯನವರಂತೂ ಇಷ್ಟದೈವದ ಹೆಸರಿನ ಬದಲು ತಮ್ಮ ಕಾಯಕವನ್ನೂ ಹೆಸರನ್ನೂ ಅಂಕಿತವಾಗಿ ಇಟ್ಟುಕೊಂಡರು. ಸಭೆಯಲ್ಲಿ ಎಷ್ಟೋ ಜನ ಮಾತನಾಡಬಹುದು. ಮಾತು ಬರಹಕ್ಕೆ ಬಂದು, ಆಡಿದವರ ಹೆಸರಿನೊಡನೆ ಉಳಿದಾಗ ಮಾತ್ರ ಅದಕ್ಕೆ ಮರುದಿನವೂ ಬೆಲೆ. ಗ್ರಾಮಸಭೆಯ ಇತಿಹಾಸದಲ್ಲಿಯೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ದಿವಾನ ರಂಗಾಚಾರ್ಲು ಅವರು ೧೮೮೧ರ ಅಕ್ಟೋಬರ್ ೭ರಂದು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಸಿದರು. ೧೪೪ ಸದಸ್ಯರಲ್ಲಿ ಇದ್ದವರು ಭೂಮಾಲೀಕರು ಮತ್ತು ವರ್ತಕರು. ದಿವಾನರು ವರ್ಷದ ವರದಿ ಓದುವರು. ಸದಸ್ಯರು ತಮ್ಮ ಕಡೆಯ ಅಹವಾಲುಗಳನ್ನು ಮಂಡಿಸುವರು. ೧೮೮೨ರಲ್ಲಿ ಲಾರ್ಡ್ ರಿಪ್ಪನ್ನರ ನಿರ್ಣಯದಿಂದ ಬ್ರಿಟಿಷ್ ಪ್ರಾಂತ್ಯಗಳಲ್ಲಿಯೂ ಸ್ಥಳೀಯ ಮಂಡಳಿಗಳಿಗೆ ಚಾಲನೆ ದೊರೆಯಿತು. ಎರಡರಲ್ಲಿಯೂ ಸಾಮಾನ್ಯ ರೈತನ ಮಾತು ಬೇರೊಬ್ಬರ ಬಾಯಿಂದಲೇ ಹೊರಡಬೇಕಿತ್ತು.

೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರರು ಗ್ರಾಮಗಳ ಬಗ್ಗೆ ಕಟುವಾಗಿ ನುಡಿದರು. ಹಳ್ಳಿಯನ್ನು ಆಡಳಿತದ ಮೂಲಘಟಕವಾಗಿ ಮಾಡದೆ ವ್ಯಕ್ತಿಯನ್ನು ಘಟಕವಾಗಿ ಮಾಡಿದ್ದು ಅವರಿಗೆ ಸಮಾಧಾನ ತಂದಿತ್ತು. ಹಲವು ಸದಸ್ಯರಿಗೆ ಇದು ನೋವುಂಟುಮಾಡಿತು. ಅದೇ ತಿಂಗಳು ೨೨ರಂದು ಕೆ. ಸಂತಾನಂ ಅವರ ತಿದ್ದುಪಡಿಯ ಮೂಲಕ ಪಂಚಾಯತಿಗಳ ರಚನೆಯು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಸೇರಿ, ಮುಂದೆ ೪೦ನೆಯ ಅನುಚ್ಛೇದವಾಯಿತು. ಅಂಬೇಡ್ಕರರ ಮಾತನ್ನು ಹಳ್ಳಿಯ ನಿಂದೆಯೆಂದು ಓದುವುದು ಸುಲಭ. ಊರ ಕಟ್ಟೆಯ ಮೇಲೆ ಕುಳಿತವರು ಮಾತನಾಡುವಾಗ ಕೆಳಗೆ ನಿಂತವರು ಬಾಯಿ ತೆರೆಯಬಲ್ಲರೇ ಎಂಬ ಸಂದೇಹವೆಂದು ಓದಿದರೆ, ಮುಂದಿನ ಕಾಯ್ದೆಗಳಲ್ಲಿ ಬಂದ ಮೀಸಲಾತಿಯೂ ಹಾಜರಾತಿಯ ನಿಯಮಗಳೂ ಆ ಸಂದೇಹಕ್ಕೆ ಕೊಟ್ಟ ಉತ್ತರಗಳೆಂಬುದು ತಿಳಿಯುತ್ತದೆ.

ಕರ್ನಾಟಕದಲ್ಲಿ ಆ ಉತ್ತರದ ದೊಡ್ಡ ಹೆಜ್ಜೆ ಬಿದ್ದದ್ದು ೧೯೮೩ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಅದರ ಶಿಲ್ಪಿ. ಹಳ್ಳಿಹಳ್ಳಿಗೆ ಕೊಳವೆಬಾವಿ ತೆಗೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರಿಗೆ, ನೀರು ಎಲ್ಲಿ ಬೇಕೆಂದು ಹೇಳುವ ಅಧಿಕಾರವೂ ಹಳ್ಳಿಗೇ ಇರಬೇಕೆಂಬ ನಂಬಿಕೆಯಿತ್ತು. ಮಂಡಲ ಪಂಚಾಯತಿಗಳಲ್ಲಿ ಶೇ. ೨೫ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಊರಿನ ಮತದಾರರೆಲ್ಲರೂ ಸೇರುವ ಗ್ರಾಮಸಭೆಯನ್ನು ವರ್ಷಕ್ಕೆ ಕನಿಷ್ಠ ಎರಡು ಬಾರಿ ಕರೆಯಬೇಕೆಂದು ವಿಧಿಸಲಾಯಿತು. ರಾಷ್ಟ್ರಪತಿಗಳ ಅಂಕಿತಕ್ಕೆ ೧೯೮೫ರವರೆಗೆ ಕಾದು, ೧೯೮೭ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಮರುವರ್ಷವೇ ನಜೀರ್ ಸಾಬರು ನಿಧನರಾದರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರೂ ಅವರನ್ನು ಆರಿಸಬೇಕಾಗಿಲ್ಲ, ಯಾರೂ ಕೈಬಿಡಲಾರರು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಬಂದಿತು. ೨೦೦೩ರ ತಿದ್ದುಪಡಿಯು ಗ್ರಾಮಸಭೆಯ ಕೆಳಗೆ ವಾರ್ಡ್ ಸಭೆಯನ್ನು ತಂದಿತು. ಇದು ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ನಾಲ್ಕಾರು ಹಳ್ಳಿಗಳು ಕೂಡಿದ ದೊಡ್ಡ ಸಭೆಯಲ್ಲಿ ಬಾಯಿ ತೆರೆಯದ ಹೆಣ್ಣುಮಗಳು, ತನ್ನ ಓಣಿಯ ಗುಡಿಯ ಕಟ್ಟೆಯ ಮುಂದೆ ನಲ್ಲಿಯ ನೀರಿನ ವಿಷಯ ಬಂದಾಗ ಸುಮ್ಮನಿರಲಾರಳು. ಗ್ರಾಮಸಭೆಗೆ ಸದಸ್ಯರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ಬಂದವರಲ್ಲಿ ಸಾಧ್ಯವಾದಷ್ಟು ಶೇ. ೩೦ ಮಹಿಳೆಯರಿರಬೇಕು. ಸದಸ್ಯರಲ್ಲಿ ಶೇ. ೧೦ರಷ್ಟು ಜನ ವಿಷಯಗಳನ್ನು ಬರೆದು ಕೋರಿದರೆ ವಿಶೇಷ ಸಭೆಯನ್ನೂ ಕರೆಯಬೇಕಾಗುತ್ತದೆ. ಈ ಕೊನೆಯ ಅವಕಾಶವನ್ನು ಬಲ್ಲವರು ಕಡಿಮೆ.

ನಗರವಾಸಿಗೆ ಇಷ್ಟು ದೊರೆಯಲಿಲ್ಲ. ೭೪ನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣಗಳಿಗೆ ವಾರ್ಡ್ ಸಮಿತಿಯನ್ನು ಹೇಳಿತೇ ಹೊರತು ಮತದಾರರೆಲ್ಲರ ಸಭೆಯನ್ನು ಹೇಳಲಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಪಂಚಾಯತಿಯ ಸಾಮಾನ್ಯ ಸಭೆಯು ಚುನಾಯಿತ ಸದಸ್ಯರದು. ಅಲ್ಲಿ ಚರ್ಚಿಸಿ ಮತ ನೀಡುವ ಹಕ್ಕು ಅವರಿಗೇ. ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಲ್ಲಿ ನಿವಾಸಿಯು ಅರ್ಜಿದಾರನಲ್ಲ, ಸ್ವತಃ ಸದಸ್ಯ. ಮನೆ ಯಾರಿಗೆ ಮೊದಲು, ಚರಂಡಿ ಯಾವ ಓಣಿಗೆ, ಬೀದಿದೀಪ ಎಲ್ಲಿ ಎಂಬ ಬೇಡಿಕೆಗಳು ಮೊದಲು ವಾರ್ಡ್ ಸಭೆಯಲ್ಲಿ ಆದ್ಯತೆ ಪಡೆದು ಗ್ರಾಮಸಭೆಗೆ ಏರುತ್ತವೆ. ಆದ್ದರಿಂದ ಗ್ರಾಮಸಭೆಯ ದಿನ ನೇರವಾಗಿ ಬಂದು ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೂಗಾಡುವವನಿಗಿಂತ, ವಾರ್ಡ್ ಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು ಎದ್ದುನಿಂತು ಓದಿಹೇಳಿದವನ ಮಾತು ಗಟ್ಟಿ.

ಇಂಥ ಸಭೆಗಳಲ್ಲಿ ಜನ ನಿಜವಾಗಿ ಏನು ಮಾತನಾಡುತ್ತಾರೆ ಎಂಬುದನ್ನು ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು ಮುನ್ನೂರು ಗ್ರಾಮಸಭೆಗಳ ಸಂಭಾಷಣೆಯನ್ನು ದಾಖಲಿಸಿ ಅಭ್ಯಸಿಸಿದ್ದಾರೆ. ನೀರು, ರಸ್ತೆ, ಮನೆಗಳ ಬೇಡಿಕೆಯ ಒಳಗೇ ಗೌರವದ ಬೇಡಿಕೆಯೂ ಇರುವುದನ್ನು ಅವರು ಗುರುತಿಸಿದ್ದಾರೆ. ದಿನವೂ ತಲೆತಗ್ಗಿಸಿ ನಡೆಯಬೇಕಾದವನು ಆ ಒಂದು ಗಳಿಗೆ ಅಧ್ಯಕ್ಷರನ್ನೂ ಅಧಿಕಾರಿಯನ್ನೂ ಎಲ್ಲರೆದುರು ಪ್ರಶ್ನಿಸುತ್ತಾನೆ. ಇದು ಕೆಲಸವಾಗುವುದಕ್ಕಿಂತ ಸಣ್ಣ ಲಾಭವೇನಲ್ಲ.

ಆ ಮಾತಿಗೆ ಕೆಲಸ ಮಾಡುವ ಬಲವೂ ಬರಬಲ್ಲುದೆಂಬುದಕ್ಕೆ ಕರ್ನಾಟಕದ ಆಚೆಯ ಒಂದು ಪ್ರಸಂಗ ಸಾಕು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಬೇಕೇ ಬೇಡವೇ ಎಂಬ ವ್ಯಾಜ್ಯದಲ್ಲಿ, ಬೆಟ್ಟದ ಮೇಲಿನ ಧಾರ್ಮಿಕ ಮತ್ತು ಅರಣ್ಯ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಸುಪ್ರೀಂ ಕೋರ್ಟು ೨೦೧೩ರ ಏಪ್ರಿಲ್‌ನಲ್ಲಿ ಆದೇಶಿಸಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯ ಸಮಕ್ಷಮದಲ್ಲಿ ಹನ್ನೆರಡು ಹಳ್ಳಿಗಳಲ್ಲಿ ಸಭೆ ಸೇರಿತು. ಡೋಂಗ್ರಿಯ ಕೊಂಧರು ಒಬ್ಬೊಬ್ಬರಾಗಿ ಎದ್ದು ಬೆಟ್ಟವೇ ತಮ್ಮ ದೇವರೆಂದರು. ಹನ್ನೆರಡೂ ಸಭೆಗಳು ಗಣಿಯನ್ನು ನಿರಾಕರಿಸಿದವು. ೨೦೧೪ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯವೂ ಅನುಮತಿ ನಿರಾಕರಿಸಿತು.

ಅಲ್ಲಿ ನ್ಯಾಯಾಧೀಶರಿದ್ದರು, ಮಾತು ನಡಾವಳಿಗೆ ಇಳಿಯಿತು. ಎಲ್ಲೆಡೆ ಹಾಗಾಗುವುದಿಲ್ಲ. ಹಾಜರಾತಿ ಪುಸ್ತಕವು ಮನೆಮನೆಗೆ ಹೋಗಿ ಸಹಿ ತರುವುದು, ಡಂಗುರ ಒಂದು ಕೇರಿಗೆ ಕೇಳಿ ಇನ್ನೊಂದಕ್ಕೆ ಕೇಳದಿರುವುದು, ಎರಡು ಗಂಟೆಯ ವಾಗ್ವಾದವು ‘ಸುದೀರ್ಘವಾಗಿ ಚರ್ಚಿಸಲಾಯಿತು’ ಎಂಬ ಒಂದು ಸಾಲಿನಲ್ಲಿ ಮುಗಿಯುವುದು ಹಳ್ಳಿಯಲ್ಲಿ ಹುಟ್ಟಿಬೆಳೆದವರಿಗೆ ಹೊಸದಲ್ಲ. ಅದಕ್ಕಾಗಿಯೇ ಅನುಭವಿಗಳು ಸಭೆ ಮುಗಿಯುವ ಮುನ್ನ ಠರಾವನ್ನು ಗಟ್ಟಿಯಾಗಿ ಓದಿಸುತ್ತಾರೆ, ಓದಿಸಿದ ಮೇಲೆಯೇ ಸಹಿ ಹಾಕುತ್ತಾರೆ. ನಡಾವಳಿಯ ಪ್ರತಿ ದೊರೆಯದಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಪ್ರತಿಯಲ್ಲಿ ತಾನಾಡಿದ ಮಾತು ಕಾಣದಿದ್ದರೆ, ಮುಂದಿನ ಸಭೆಯಲ್ಲಿ ಹಿಂದಿನ ಠರಾವುಗಳ ಪಾಲನಾ ವರದಿ ಓದುವಾಗ ಎದ್ದುನಿಂತು ಕೇಳಬೇಕಾದ ಮೊದಲ ಪ್ರಶ್ನೆ ಅದೇ.